ಕರೆಸುವ ಅಧಿಕಾರ ಇದೆ, ಕೊಡಿಸುವ ಅಧಿಕಾರ ಇಲ್ಲ: ಕರ್ನಾಟಕದ 40 ಸಂಸದರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಸಂಸದರೇ,

ಲೋಕಸಭೆಗೆ 28, ರಾಜ್ಯಸಭೆಗೆ 12, ಒಟ್ಟು 40 ಮಂದಿ ಕರ್ನಾಟಕದ ಹೆಸರಲ್ಲಿ ದಿಲ್ಲಿಗೆ ಹೋಗಿದ್ದೀರಿ. ಈ ಪತ್ರ ನಿಮ್ಮೆಲ್ಲರಿಗೂ. ಪಕ್ಷ ನೋಡಿ ಬರೆಯುತ್ತಿಲ್ಲ. ಜಾತಿ ತಾರತಮ್ಯದ ವಿಷಯ ಅಂದ ಕೂಡಲೇ "ಇದು ಮೀಸಲು ಕ್ಷೇತ್ರದವರು ಮಾತಾಡೋ ವಿಷಯ" ಅಂತ ಪತ್ರವನ್ನು ಕೋಲಾರ, ಚಿತ್ರದುರ್ಗ, ಚಾಮರಾಜನಗರ, ಕಲಬುರಗಿ, ವಿಜಯಪುರ, ರಾಯಚೂರು, ಬಳ್ಳಾರಿ ಕಡೆ ತಳ್ಳಿಬಿಡುವ ಅಭ್ಯಾಸ ಉಳಿದವರಲ್ಲಿ ಇದೆ ಅಂತ ನನಗೆ ಅನುಮಾನ. ದಯವಿಟ್ಟು ಹಾಗೆ ಮಾಡಬೇಡಿ. ಉಳಿದ 21 ಕ್ಷೇತ್ರಗಳಲ್ಲೂ ಇದೇ ನಡೆಯುತ್ತಿದೆ, ಬೆಂಗಳೂರು ದಕ್ಷಿಣದಲ್ಲೂ ನಡೆಯುತ್ತಿದೆ.

ವಿಷಯ ನೇರವಾಗಿ ಹೇಳಿಬಿಡುತ್ತೇನೆ. ಜಾತಿ, ಬುಡಕಟ್ಟು, ಮೈಬಣ್ಣ, ಮುಖದ ಆಕಾರ ನೋಡಿ ಮನುಷ್ಯರನ್ನು ದೂರ ಇಡೋದನ್ನು ತಡೆಯಲು ನಮ್ಮ ದೇಶದಲ್ಲಿ ಆಯೋಗಗಳಿಗೇನೂ ಬರ ಇಲ್ಲ. ಪರಿಶಿಷ್ಟ ಜಾತಿಗಳಿಗೆ ಒಂದು, ಪರಿಶಿಷ್ಟ ಪಂಗಡಗಳಿಗೆ ಒಂದು, ಹಿಂದುಳಿದ ವರ್ಗಗಳಿಗೆ ಒಂದು, ಅಲ್ಪಸಂಖ್ಯಾತರಿಗೆ ಒಂದು, ಸಫಾಯಿ ಕರ್ಮಚಾರಿಗಳಿಗೆ ಒಂದು, ಇವೆಲ್ಲ ಸಾಲದು ಅಂತ ಮಾನವ ಹಕ್ಕುಗಳ ಆಯೋಗ. ರಾಜ್ಯದಲ್ಲಿ ಹೆಚ್ಚುಕಡಿಮೆ ಇದೇ ಪಟ್ಟಿ ಇನ್ನೊಂದು ಸಲ. ಬೋರ್ಡುಗಳಿವೆ, ಕಾರುಗಳಿವೆ, ಅಧ್ಯಕ್ಷರು ಜಿಲ್ಲಾ ಪ್ರವಾಸಕ್ಕೆ ಬಂದಾಗ ಅಧಿಕಾರಿಗಳು ಹೂಗುಚ್ಛ ಹಿಡಿದು ನಿಲ್ಲುತ್ತಾರೆ. ಆದರೆ ಅವಮಾನ ಆದವನು ಅರ್ಜಿ ಹಿಡಿದು ಹೋದರೆ ಅವನಿಗೆ ಏನು ಸಿಗುತ್ತದೆ? ಒಂದು ನೋಟಿಸಿನ ಪ್ರತಿ. ಅದೃಷ್ಟ ಚೆನ್ನಾಗಿದ್ದರೆ ಒಂದು ಶಿಫಾರಸು.

ಸಂವಿಧಾನದ 338ನೇ ವಿಧಿಯನ್ನು ನಿಮಗೆ ನಾನು ಹೇಳಿಕೊಡಬೇಕಾಗಿಲ್ಲ, ಆದರೂ ಓದುವ ಬೇರೆಯವರಿಗಾಗಿ ಹೇಳುತ್ತೇನೆ. ಶುರುವಿನಲ್ಲಿ ಅಲ್ಲಿ ಇದ್ದದ್ದು ಒಬ್ಬ ವಿಶೇಷ ಅಧಿಕಾರಿ ಅಷ್ಟೇ. 1990ರ 65ನೇ ತಿದ್ದುಪಡಿಯಿಂದ ಅದು ಆಯೋಗವಾಯಿತು. 2003ರ 89ನೇ ತಿದ್ದುಪಡಿ ಅದನ್ನು ಎರಡು ಮಾಡಿತು, ಜಾತಿಗಳಿಗೆ ಒಂದು, ಪಂಗಡಗಳಿಗೆ ಒಂದು. ವಿಚಾರಣೆ ಮಾಡುವಾಗ ಆಯೋಗಕ್ಕೆ ಸಿವಿಲ್ ಕೋರ್ಟಿನ ಅಧಿಕಾರ ಇದೆ. ಯಾರನ್ನು ಬೇಕಾದರೂ ಕರೆಸಬಹುದು, ಪ್ರಮಾಣ ಮಾಡಿಸಬಹುದು, ಕಡತ ತರಿಸಬಹುದು. ಕೇಳೋಕೆ ಭರ್ಜರಿಯಾಗಿದೆ ಅಲ್ವಾ? ಆದರೆ 1996ರಲ್ಲಿ ಒಂದು ಬ್ಯಾಂಕಿನ ನೌಕರರ ಸಂಘದ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿತು: ಸಿವಿಲ್ ಕೋರ್ಟಿನ ಆ ಅಧಿಕಾರ ವಿಚಾರಣೆ ನಡೆಸುವ ಮಟ್ಟಿಗೆ ಮಾತ್ರ, ತಡೆಯಾಜ್ಞೆ ಕೊಡುವ ಅಧಿಕಾರ ಆಯೋಗಕ್ಕೆ ಇಲ್ಲ. ಅಂದರೆ ಜಿಲ್ಲಾಧಿಕಾರಿಯನ್ನು ದಿಲ್ಲಿಗೆ ಕರೆಸಬಹುದು. ಕೂರಿಸಿ ಪ್ರಶ್ನೆ ಕೇಳಬಹುದು. "ಈ ಕುಟುಂಬಕ್ಕೆ ಇಷ್ಟು ಪರಿಹಾರ ಕೊಡು, ಇಷ್ಟು ದಿನದಲ್ಲಿ ಕೊಡು, ಕೊಡದಿದ್ದರೆ ನಿನ್ನ ಸಂಬಳ ಹಿಡೀತೀನಿ" ಅನ್ನೋಕೆ ಆಗೋದಿಲ್ಲ.

ಆಮೇಲೆ ವರದಿ. ಆಯೋಗ ತನ್ನ ವರದಿಯನ್ನು ರಾಷ್ಟ್ರಪತಿಗೆ ಕೊಡುತ್ತದೆ. ಯಾವ ಶಿಫಾರಸಿನ ಮೇಲೆ ಏನು ಮಾಡಿದೆವು, ಯಾವುದನ್ನು ಯಾಕೆ ಒಪ್ಪಲಿಲ್ಲ ಅಂತ ಸರ್ಕಾರ ಒಂದು ಟಿಪ್ಪಣಿ ಸೇರಿಸಿ ಸಂಸತ್ತಿನ ಮುಂದೆ ಇಡಬೇಕು. ಯಾವಾಗ ಇಡಬೇಕು? ಅದನ್ನು ಸಂವಿಧಾನ ಹೇಳಿಲ್ಲ. ಗಡುವೇ ಇಲ್ಲದ ಕೆಲಸ ಸರ್ಕಾರಿ ಕಚೇರಿಯಲ್ಲಿ ಎಷ್ಟು ಬೇಗ ಆಗುತ್ತದೆ ಅನ್ನೋದು ಒಂದು ಖಾತೆ ಬದಲಾವಣೆಗೆ ಓಡಾಡಿದ ಯಾರಿಗಾದರೂ ಗೊತ್ತು.

ನಮ್ಮ ಊರುಗಳ ಉದಾಹರಣೆ ತೆಗೆದುಕೊಳ್ಳಿ. 2021ರ ಸೆಪ್ಟೆಂಬರ್, ಕೊಪ್ಪಳ ಜಿಲ್ಲೆ ಕುಷ್ಟಗಿ ತಾಲ್ಲೂಕಿನ ಮಿಯಾಪುರ. ಮಗುವಿನ ಹುಟ್ಟುಹಬ್ಬ ಅಂತ ದಲಿತ ಕುಟುಂಬವೊಂದು ಗುಡಿಯ ಮುಂದೆ ನಿಂತು ಕೈಮುಗಿಯುತ್ತಿತ್ತು. ಎರಡು ವರ್ಷದ ಮಗು ಒಳಗೆ ಓಡಿತು. ಅಷ್ಟೇ ಆದದ್ದು. ಗುಡಿ ಶುದ್ಧಿ ಮಾಡಿಸಬೇಕು ಅಂತ ಆ ಮನೆಯವರಿಗೆ 25 ಸಾವಿರ ರೂಪಾಯಿ ದಂಡ. ಮರುವರ್ಷ ಅದೇ ಸೆಪ್ಟೆಂಬರ್, ಕೋಲಾರ ಜಿಲ್ಲೆ ಮಾಲೂರು ತಾಲ್ಲೂಕಿನ ಉಳ್ಳೇರಹಳ್ಳಿ. ಭೂತಾಯಮ್ಮನ ಉತ್ಸವದಲ್ಲಿ ದೇವರ ಕೋಲು ಮುಟ್ಟಿದ ಅಂತ ದಲಿತ ಹುಡುಗನ ಮನೆಗೆ 60 ಸಾವಿರ ದಂಡ, ಕಟ್ಟೋವರೆಗೂ ಊರೊಳಗೆ ಕಾಲಿಡಬೇಡಿ ಅನ್ನೋ ಅಪ್ಪಣೆ. ಇವೆರಡೂ ಹೊರಗೆ ಬಂದದ್ದು ಸುದ್ದಿಯಾಗಿದ್ದರಿಂದ. ಪೊಲೀಸರು ಹೋದರು, ತಹಶೀಲ್ದಾರರು ಹೋದರು, ಶಾಂತಿ ಸಭೆ ಆಯಿತು, ಫೋಟೋ ಆಯಿತು. ಸುದ್ದಿಯಾಗದ ಊರಿನಲ್ಲಿ ಇಂಥ ದಂಡ ಕಟ್ಟಿಕೊಂಡು ಸುಮ್ಮನಿರುವ ಮನೆಗಳಿಗೆ ಯಾವ ಆಯೋಗ ಕೇಳುತ್ತದೆ?

ಕಾನೂನು ಇದೆಯಲ್ಲ ಅನ್ನುತ್ತೀರಿ. ಇದೆ. 1955ರ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆ ಇದೆ, 1989ರ ದೌರ್ಜನ್ಯ ತಡೆ ಕಾಯ್ದೆ ಇದೆ, ಅದರ ನಿಯಮದ ಪ್ರಕಾರ ಮುಖ್ಯಮಂತ್ರಿ ವರ್ಷಕ್ಕೆ ಎರಡು ಸಲ, ಜಿಲ್ಲಾಧಿಕಾರಿ ಮೂರು ತಿಂಗಳಿಗೊಮ್ಮೆ ಜಾಗೃತಿ ಸಮಿತಿ ಸಭೆ ನಡೆಸಬೇಕು. ಆದರೆ ಕ್ರಿಮಿನಲ್ ಕೇಸಿನ ದಾರಿ ಎಷ್ಟು ಉದ್ದ ಅಂತ ಕರ್ನಾಟಕಕ್ಕಿಂತ ಚೆನ್ನಾಗಿ ಯಾರಿಗೆ ಗೊತ್ತು? ಗಂಗಾವತಿ ತಾಲ್ಲೂಕಿನ ಮರಕುಂಬಿಯಲ್ಲಿ ದಲಿತರ ಕೇರಿಗೆ ನುಗ್ಗಿ ಹೊಡೆದು ಬೆಂಕಿ ಹಚ್ಚಿದ್ದು 2014ರ ಆಗಸ್ಟ್‌ನಲ್ಲಿ. ಕೊಪ್ಪಳದ ನ್ಯಾಯಾಲಯ 98 ಮಂದಿಗೆ ಜೀವಾವಧಿ ಶಿಕ್ಷೆ ಕೊಟ್ಟದ್ದು 2024ರ ಅಕ್ಟೋಬರ್‌ನಲ್ಲಿ, ಅಂದರೆ ಹತ್ತು ವರ್ಷ. ಇದು ಗೆದ್ದ ಕೇಸು. ಕಂಬಾಲಪಲ್ಲಿ ನೆನಪಿದೆಯಾ? 2000ನೇ ಇಸವಿ ಮಾರ್ಚ್, ಚಿಂತಾಮಣಿ ತಾಲ್ಲೂಕು, ಏಳು ಮಂದಿ ದಲಿತರನ್ನು ಸುಟ್ಟು ಕೊಂದರು. ಸಾಕ್ಷಿಗಳು ತಿರುಗಿಬಿದ್ದರು, 2006ರಲ್ಲಿ ಆರೋಪಿಗಳು ಖುಲಾಸೆ, 2014ರಲ್ಲಿ ಹೈಕೋರ್ಟೂ ಅದನ್ನೇ ಎತ್ತಿಹಿಡಿಯಿತು. ಏಳು ಹೆಣ ಬಿದ್ದವು, ಕೊಂದವರು ಯಾರು ಅನ್ನೋದು ಮಾತ್ರ ಕಾನೂನಿನ ಪ್ರಕಾರ ಇವತ್ತಿಗೂ ಗೊತ್ತಿಲ್ಲ. ಸಾಕ್ಷಿಗಳು ಹಳ್ಳಿಯಲ್ಲಿ ಯಾರ ಹೊಲದಲ್ಲಿ ಕೂಲಿಗೆ ಹೋಗುತ್ತಾರೆ, ಅವರನ್ನು ಯಾರು ಕಾಯುತ್ತಿದ್ದಾರೆ ಅಂತ ಮೊದಲ ದಿನದಿಂದ ಕೊನೆಯ ದಿನದವರೆಗೆ ಬೆನ್ನು ಹತ್ತುವ, ಠಾಣೆಗೆ ಆದೇಶ ಕೊಡಬಲ್ಲ ಒಂದು ಆಯೋಗ ಇದ್ದಿದ್ದರೆ ಏನಾಗುತ್ತಿತ್ತೋ.

ಇದು ಹಳ್ಳಿಯ ರೋಗ, ನಗರದಲ್ಲಿ ಇಲ್ಲ ಅನ್ನುವವರಿಗೆ ಒಂದು ಮಾತು. ಸಹೋದ್ಯೋಗಿ ಒಬ್ಬರ ಜೊತೆ ಬೆಂಗಳೂರಿನಲ್ಲಿ ಬಾಡಿಗೆ ಮನೆ ನೋಡಲು ಹೋಗಿದ್ದೆ. ಗೇಟಿಗೆ ಟು-ಲೆಟ್ ಬೋರ್ಡ್. ಮಾಲೀಕರು ವಯಸ್ಸಾದವರು, ತುಂಬಾ ಮರ್ಯಾದೆಯ ಮನುಷ್ಯ, ಕಾಫಿ ಕೊಟ್ಟರು. ಬೋರ್‌ವೆಲ್ ನೀರು ಎಷ್ಟೊತ್ತಿಗೆ ಬರುತ್ತದೆ, ಗಾಡಿ ಎಲ್ಲಿ ನಿಲ್ಲಿಸಬೇಕು ಎಲ್ಲ ಹೇಳಿದರು. ಅಡ್ವಾನ್ಸು ಮಾತಾಡಿ ಮುಗಿಯಿತು. ಆಮೇಲೆ ಮೆಲ್ಲಗೆ "ಹಾಸನ ಅಂದ್ರಿ, ಹಾಸನದಲ್ಲಿ ಯಾವ ಕಡೆ? ನಿಮ್ಮ ಮನೆದೇವ್ರು ಯಾವುದು?" ಅಂದರು. ನನ್ನ ಸಹೋದ್ಯೋಗಿ ದೇವರ ಹೆಸರು ಹೇಳಿದರು. ಅದರಲ್ಲಿ ಏನೂ ಸಿಗಲಿಲ್ಲ ಅಂತ ಕಾಣುತ್ತದೆ. "ಬೇಜಾರು ಮಾಡ್ಕೋಬೇಡಿ, ನೀವು ಏನ್ ಜನ?" ಅಂತ ನೇರವಾಗಿಯೇ ಕೇಳಿದರು. ನನ್ನ ಸಹೋದ್ಯೋಗಿ ಮುಚ್ಚಿಡುವವರಲ್ಲ, ಹೇಳಿದರು. ಮಾರನೇ ದಿನ ಫೋನ್ ಬಂತು: ಮಗಳು ಅಳಿಯ ಇದೇ ಮನೆಗೆ ಬರುತ್ತಿದ್ದಾರೆ, ಕೊಡೋಕಾಗಲ್ಲ, ಸಾರಿ. ಆಮೇಲೂ ಬಹಳ ದಿನ ಆ ಬೋರ್ಡ್ ಅಲ್ಲೇ ನೇತಾಡುತ್ತಿತ್ತು.

ಈಗ ಹೇಳಿ, ಅವರು ಎಲ್ಲಿಗೆ ಹೋಗಬೇಕಿತ್ತು? ಸಂವಿಧಾನದ 15(2)ನೇ ವಿಧಿ ಅಂಗಡಿ, ಹೋಟೆಲು, ಬಾವಿ, ಕೆರೆ, ಸ್ನಾನಘಟ್ಟ, ರಸ್ತೆ ಅನ್ನುತ್ತದೆ, ಬಾಡಿಗೆ ಮನೆ ಅನ್ನುವುದಿಲ್ಲ. 1955ರ ಕಾಯ್ದೆಯಲ್ಲಿ ಅಸ್ಪೃಶ್ಯತೆಯ ಕಾರಣಕ್ಕೆ ವಾಸದ ಮನೆ ತಪ್ಪಿಸುವುದೂ ಅಪರಾಧವೇ, ಆದರೆ ಅದು ಜೈಲಿನ ಕೇಸು. ಠಾಣೆಗೆ ಹೋಗಿ, ಎಫ್‌ಐಆರ್ ಹಾಕಿಸಿ, ಆ ವಯಸ್ಸಾದವರನ್ನು ಕಟಕಟೆಗೆ ಹತ್ತಿಸಿ, ವರ್ಷಗಟ್ಟಲೆ ತಾರೀಖಿಗೆ ಅಲೆಯಬೇಕು. ನನ್ನ ಸಹೋದ್ಯೋಗಿಗೆ ಯಾರನ್ನೂ ಜೈಲಿಗೆ ಕಳಿಸೋದು ಬೇಕಿರಲಿಲ್ಲ. ಶಾಲೆಗೆ ಹತ್ತಿರ ಇರುವ ಒಂದು ಮನೆ ಬೇಕಿತ್ತು. "ತಪ್ಪಾಯಿತು" ಅನ್ನೋ ಒಂದು ಮಾತು, ತಿರುಗಾಡಿದ್ದಕ್ಕೆ ಒಂದಿಷ್ಟು ಪರಿಹಾರ, ಮತ್ತೆ ಹೀಗೆ ಮಾಡಬೇಡಿ ಅಂತ ಮಾಲೀಕರಿಗೆ ಒಂದು ಆದೇಶ. ಇಷ್ಟನ್ನು ಬೇಗ ಕೊಡಿಸುವ ಜಾಗ ಈ ದೇಶದಲ್ಲಿ ಇಲ್ಲ. ಅದೇ ಮನೆ ಮುಸ್ಲಿಂ ಕುಟುಂಬಕ್ಕೆ ತಪ್ಪಿದ್ದರೆ, ಮಣಿಪುರದ ಹುಡುಗಿಗೆ ತಪ್ಪಿದ್ದರೆ, ಆ ಜೈಲಿನ ಕೇಸಿನ ದಾರಿಯೂ ಇರುವುದಿಲ್ಲ.

ಮಣಿಪುರ ಅಂದೆ. ಈಶಾನ್ಯದ ಕಥೆ ಬೆಂಗಳೂರಿಗೆ ಹೊಸದಲ್ಲ. 2012ರ ಆಗಸ್ಟ್‌ನಲ್ಲಿ ಒಂದಷ್ಟು ಎಸ್‌ಎಂಎಸ್ ಮತ್ತು ಗಾಳಿಸುದ್ದಿಗೆ ಹೆದರಿ ಸಾವಿರಾರು ಮಂದಿ ಬ್ಯಾಗು ಹೊತ್ತುಕೊಂಡು ರೈಲು ನಿಲ್ದಾಣಕ್ಕೆ ಓಡಿದರು. ಗುವಾಹಟಿಗೆ ವಿಶೇಷ ರೈಲು ಬಿಡಬೇಕಾಯಿತು. ಕೇಂದ್ರ ಸರ್ಕಾರ ಬಲ್ಕ್ ಎಸ್‌ಎಂಎಸ್ ನಿಲ್ಲಿಸಿತು. ಮಂತ್ರಿಗಳು ಪ್ಲಾಟ್‌ಫಾರ್ಮಿಗೆ ಹೋಗಿ "ಹೋಗಬೇಡಿ" ಅಂದರು. ಗಾಳಿಸುದ್ದಿಗೆ ಅಷ್ಟು ಜನ ಯಾಕೆ ಹೆದರಿದರು ಅಂತ ಮಾತ್ರ ಯಾರೂ ಜಾಸ್ತಿ ಯೋಚಿಸಲಿಲ್ಲ. ದಿನಾ ಬೀದಿಯಲ್ಲಿ ಮುಖ ನೋಡಿ "ಚಿಂಕಿ" ಅಂತ ಹಂಗಿಸಿಕೊಳ್ಳುವವರಿಗೆ ಏನಾದರೂ ಆದರೆ ಪಕ್ಕದ ಮನೆಯವರು ಬರುತ್ತಾರೆ, ಪೊಲೀಸರು ಬರುತ್ತಾರೆ ಅನ್ನೋ ಭರವಸೆ ಇದ್ದಿದ್ದರೆ ಅವರು ರೈಲು ಹತ್ತುತ್ತಿರಲಿಲ್ಲ.

2014ರ ಜನವರಿಯಲ್ಲಿ ದಿಲ್ಲಿಯ ಲಾಜಪತ್ ನಗರದಲ್ಲಿ ಅರುಣಾಚಲದ ವಿದ್ಯಾರ್ಥಿಯೊಬ್ಬನ ಕೂದಲು ನೋಡಿ ಹಂಗಿಸಿ, ಹೊಡೆದರು, ಹುಡುಗ ಸತ್ತುಹೋದ. ಆಗ ಗೃಹ ಸಚಿವಾಲಯ ಎಂ.ಪಿ. ಬೆಜ್‌ಬರುವಾ ಅವರ ಸಮಿತಿ ಮಾಡಿತು. ಅದೇ ವರ್ಷ ಜುಲೈನಲ್ಲಿ ವರದಿ ಬಂತು. ಜನಾಂಗೀಯ ನಿಂದನೆ, ಹಲ್ಲೆಗೆ ಪ್ರತ್ಯೇಕ ಕಾನೂನು ಮಾಡಿ, ಇಲ್ಲವೇ ದಂಡಸಂಹಿತೆಗೆ ಹೊಸ ಕಲಮು ಸೇರಿಸಿ ಅಂತ ಹೇಳಿತು. ಹತ್ತು ವರ್ಷ ದಾಟಿದೆ. ನಡುವೆ ಹಳೆಯ ದಂಡಸಂಹಿತೆಯನ್ನೇ ತೆಗೆದುಹಾಕಿ ಭಾರತೀಯ ನ್ಯಾಯ ಸಂಹಿತೆ ತಂದಿರಿ, 2024ರ ಜುಲೈ 1ರಿಂದ ಅದು ಜಾರಿಯಲ್ಲಿದೆ. ಐದು ಅಥವಾ ಹೆಚ್ಚು ಜನ ಸೇರಿ ಜನಾಂಗ, ಜಾತಿ ಕಾರಣಕ್ಕೆ ಕೊಲೆ ಮಾಡಿದರೆ ಅದರಲ್ಲಿ ವಿಶೇಷ ಕಲಮು ಇದೆ, ಒಳ್ಳೆಯದೇ. ಕೊಲೆಯ ತನಕ ಹೋಗದೆ ಬೀದಿಯಲ್ಲಿ ಮುಖ ನೋಡಿ ಉಗುಳುವುದಕ್ಕೆ ಸಮಿತಿ ಕೇಳಿದ ಕಲಮು ಅಲ್ಲಿಗೆ ಬರಲಿಲ್ಲ. ಇಡೀ ಸಂಹಿತೆಯನ್ನು ಹೊಸದಾಗಿ ಬರೆಯುವಾಗ ಎರಡು ಕಲಮು ಸೇರಿಸಲು ಏನು ಕಷ್ಟವಿತ್ತು?

2020ರ ಮಾರ್ಚ್ ಬಂತು, ಕೊರೊನಾ. ಈಶಾನ್ಯದವರನ್ನು ಆ ರೋಗದ ಹೆಸರಿಂದ ಕರೆಯಬೇಡಿ ಅಂತ ಗೃಹ ಸಚಿವಾಲಯವೇ ರಾಜ್ಯಗಳಿಗೆ ಸೂಚನೆ ಕಳಿಸಬೇಕಾಯಿತು. ಅದೇ ತಿಂಗಳು ನಮ್ಮ ಮೈಸೂರಿನಲ್ಲಿ ನಾಗಾಲ್ಯಾಂಡಿನ ಹುಡುಗರನ್ನು ಒಂದು ಸೂಪರ್‌ಮಾರ್ಕೆಟ್ ಒಳಗೆ ಬಿಡಲಿಲ್ಲ. ಅವರು ಆಧಾರ್ ತೋರಿಸಿದರು. ಅಕ್ಕಿ ಕೊಳ್ಳಲು ಪೌರತ್ವ ತೋರಿಸಬೇಕಾದ ಊರು, ಅದೂ ಮೈಸೂರು.

ಇಲ್ಲೊಂದು ಸೂಕ್ಷ್ಮ ಇದೆ, ಗಮನಿಸಿ. ನಾಗಾಗಳು, ಮಿಜೋಗಳು ಪರಿಶಿಷ್ಟ ಪಂಗಡದವರು, ಸರಿ, ಪಂಗಡಗಳ ಆಯೋಗಕ್ಕಾದರೂ ಬರೆಯಬಹುದು. ಮಣಿಪುರದ ಮೈತೇಯಿಗಳು, ಅಸ್ಸಾಮಿನ ಅಹೋಮರು ಆ ಪಟ್ಟಿಯಲ್ಲಿಲ್ಲ. ಮುಖ ಒಂದೇ, ಬೈಗುಳ ಒಂದೇ, ಆದರೆ ಪಂಗಡಗಳ ಆಯೋಗದ ಬಾಗಿಲು ಇವರಿಗಿಲ್ಲ. ಬೆಂಗಳೂರಲ್ಲಿ ಓದುವ ಆಫ್ರಿಕಾದ ವಿದ್ಯಾರ್ಥಿಗಳ ಪಾಡು ಇನ್ನೂ ಕೆಟ್ಟದ್ದು. 2016ರಲ್ಲಿ ಹೆಸರಘಟ್ಟದ ಕಡೆ ಸುಡಾನಿನ ಒಬ್ಬ ಕಾರು ಗುದ್ದಿದ ಅಂತ, ಆ ಅಪಘಾತಕ್ಕೆ ಸಂಬಂಧವೇ ಇಲ್ಲದ ತಾಂಜಾನಿಯಾದ ವಿದ್ಯಾರ್ಥಿನಿಯನ್ನು ಗುಂಪು ಹಿಡಿದು ಹೊಡೆಯಿತು. ಬಣ್ಣ ಒಂದೇ ಅನ್ನೋದು ಬಿಟ್ಟರೆ ಬೇರೆ ಕಾರಣ ಇರಲಿಲ್ಲ.

ಮತ್ತೆ ನಮ್ಮವರೇ ಆದ ಸಿದ್ದಿಗಳು. ಯಲ್ಲಾಪುರ, ಹಳಿಯಾಳ, ಅಂಕೋಲಾ ಕಾಡಂಚಿನಲ್ಲಿ ತಲೆತಲಾಂತರದಿಂದ ಇದ್ದಾರೆ, ಕನ್ನಡ ಕೊಂಕಣಿ ಮಾತಾಡುತ್ತಾರೆ, 2020ರಲ್ಲಿ ಶಾಂತಾರಾಮ ಸಿದ್ದಿ ವಿಧಾನ ಪರಿಷತ್ತಿಗೂ ಬಂದರು. ಉತ್ತರ ಕನ್ನಡದ ಸಿದ್ದಿಗಳನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಿದ್ದು 2003ರಲ್ಲಿ, ಬೆಳಗಾವಿ ಧಾರವಾಡದವರಿಗೆ ಅದು ಸಿಕ್ಕಿದ್ದು 2020ರಲ್ಲಿ. ಕೆಲಸಕ್ಕೆ ಬೆಂಗಳೂರಿಗೆ ಬಂದ ಸಿದ್ದಿ ಹುಡುಗನಿಗೆ ಇಲ್ಲಿನ ಜನ "ಯಾವ ದೇಶ?" ಅಂತ ಇಂಗ್ಲಿಷಿನಲ್ಲಿ ಕೇಳುತ್ತಾರೆ, ಅವನು ಕನ್ನಡದಲ್ಲಿ ಉತ್ತರ ಕೊಟ್ಟರೆ ನಗುತ್ತಾರೆ. ಅವನು ರಾಷ್ಟ್ರೀಯ ಪರಿಶಿಷ್ಟ ಪಂಗಡಗಳ ಆಯೋಗದ ಬಾಗಿಲು ತಟ್ಟಬೇಕು ಅಂದುಕೊಳ್ಳಿ. ಅದರ ಪ್ರಾದೇಶಿಕ ಕಚೇರಿಗಳು ಭೋಪಾಲ್, ಭುವನೇಶ್ವರ, ಜೈಪುರ, ರಾಯಪುರ, ರಾಂಚಿ, ಶಿಲ್ಲಾಂಗ್. ದಕ್ಷಿಣದಲ್ಲಿ ಒಂದೂ ಇಲ್ಲ. ಸೋಲಿಗರು, ಜೇನುಕುರುಬರು, ಕೊರಗರು, ಇರುಳಿಗರು, ಎಲ್ಲರಿಗೂ ಇದೇ ಗತಿ. ಕೊರಗರ ಹೆಣ್ಣುಮಗಳೊಬ್ಬಳು ಉಡುಪಿಯಿಂದ ಅರ್ಜಿ ಹಿಡಿದು ಭೋಪಾಲ್‌ಗೆ ಹೋಗುತ್ತಾಳೆ ಅಂತ ಯಾರು ಅಂದುಕೊಂಡರೋ!

ಆ ಆಯೋಗದ ಒಳಗಿನ ಸ್ಥಿತಿಯನ್ನು ನಾನು ಹೇಳಬೇಕಾಗಿಲ್ಲ, 2022ರ ಮಾರ್ಚ್‌ನಲ್ಲಿ ನಿಮ್ಮದೇ ಸಂಸದೀಯ ಸ್ಥಾಯಿ ಸಮಿತಿ ಹೇಳಿದೆ: ನಾಲ್ಕು ವರ್ಷದಿಂದ ಈ ಆಯೋಗ ಕೆಲಸವನ್ನೇ ಮಾಡಿಲ್ಲ, ಸಂಸತ್ತಿಗೆ ಒಂದು ವರದಿಯನ್ನೂ ಕೊಟ್ಟಿಲ್ಲ. ಕಾರಣ? ಸಿಬ್ಬಂದಿ ಇಲ್ಲ, ದುಡ್ಡು ಇಲ್ಲ. ಸಿಬ್ಬಂದಿ ಯಾಕಿಲ್ಲ? ಹುದ್ದೆಗೆ ಇಟ್ಟ ಅರ್ಹತೆ ಎಷ್ಟು ಎತ್ತರ ಅಂದರೆ ಅರ್ಜಿ ಹಾಕುವವರೇ ಸಿಗುತ್ತಿಲ್ಲ. ಆಮೇಲೆ 2023ರಲ್ಲಿ ಅಧ್ಯಕ್ಷರು ರಾಜೀನಾಮೆ ಕೊಟ್ಟರು, ಹೊಸಬರು ಬಂದದ್ದು 2024ರ ಮಾರ್ಚ್‌ನಲ್ಲಿ. ಮಾನವ ಹಕ್ಕುಗಳ ಆಯೋಗದ್ದೂ ಇದೇ ಕಥೆ. 2024ರ ಜೂನ್‌ನಲ್ಲಿ ಖಾಲಿಯಾದ ಅಧ್ಯಕ್ಷರ ಕುರ್ಚಿ ತುಂಬಿದ್ದು ಡಿಸೆಂಬರ್‌ನಲ್ಲಿ. ಒಬ್ಬರ ಅವಧಿ ಯಾವ ದಿನ ಮುಗಿಯುತ್ತದೆ ಅಂತ ಅವರು ಅಧಿಕಾರಕ್ಕೆ ಬಂದ ದಿನವೇ ಕ್ಯಾಲೆಂಡರಿನಲ್ಲಿ ಗೊತ್ತಿರುತ್ತದೆ. ಆದರೂ ಅರ್ಧ ವರ್ಷ ಕುರ್ಚಿ ಖಾಲಿ ಬಿಡುವುದು ಮರೆವಲ್ಲ ಅಂತ ನನ್ನ ಅಭಿಪ್ರಾಯ. ದೇಶ ದೇಶಗಳ ಮಾನವ ಹಕ್ಕು ಸಂಸ್ಥೆಗಳ ಜಾಗತಿಕ ಒಕ್ಕೂಟ 2023ರಲ್ಲೂ 2024ರಲ್ಲೂ ನಮ್ಮ ಆಯೋಗದ ಮಾನ್ಯತೆಯನ್ನು ಮುಂದೂಡಿತು. ಅವರ ತಕರಾರಿನಲ್ಲಿ ಒಂದು: ಪೊಲೀಸರ ಮೇಲಿನ ದೂರನ್ನೂ ನಿಮ್ಮಲ್ಲಿ ಪೊಲೀಸ್ ಅಧಿಕಾರಿಗಳೇ ತನಿಖೆ ಮಾಡುತ್ತಾರಲ್ಲ? ಹೊರಗಿನವರು ಹೇಳಿದ್ದು ಅಂತ ಸಿಟ್ಟು ಮಾಡಿಕೊಳ್ಳಬಹುದು, ಆದರೆ ಪ್ರಶ್ನೆಯಲ್ಲಿ ತಪ್ಪೇನಿದೆ?

ಸಫಾಯಿ ಕರ್ಮಚಾರಿಗಳ ಆಯೋಗದ ವಿಚಾರವಂತೂ ನಾಚಿಕೆಗೇಡು. 1993ರಲ್ಲಿ ಅದಕ್ಕೊಂದು ಕಾಯ್ದೆ ಇತ್ತು. 2004ರ ಫೆಬ್ರುವರಿಯಲ್ಲಿ ಆ ಕಾಯ್ದೆಯ ಅವಧಿ ಮುಗಿಯಿತು. ಆವತ್ತಿನಿಂದ ಅದು ಕಾಯ್ದೆಯೇ ಇಲ್ಲದ ಆಯೋಗ. ಸರ್ಕಾರ ಮೂರು ಮೂರು ವರ್ಷಕ್ಕೆ ಅವಧಿ ವಿಸ್ತರಿಸುತ್ತಾ ಬಂದಿದೆ, ಗುತ್ತಿಗೆ ಪೌರಕಾರ್ಮಿಕರ ಹಾಗೆಯೇ. ಮಜಾ ಏನು ಅಂದರೆ, ಮಲ ಹೊರುವ ಪದ್ಧತಿ ನಿಷೇಧದ 2013ರ ಕಾಯ್ದೆ ಸರಿಯಾಗಿ ಜಾರಿಯಾಗುತ್ತಿದೆಯೇ ಅಂತ ನೋಡುವ ಹೊಣೆಯನ್ನು ಸಂಸತ್ತು ಕೊಟ್ಟದ್ದು ಇದೇ ಆಯೋಗಕ್ಕೆ! ಈ ಪದ್ಧತಿಯ ವಿರುದ್ಧ ದೇಶವನ್ನು ಎಬ್ಬಿಸಿದ ಬೆಜವಾಡ ವಿಲ್ಸನ್ ಹುಟ್ಟಿದ್ದು ನಮ್ಮ ಕೆಜಿಎಫ್‌ನಲ್ಲಿ. ಅವರ ಆಂದೋಲನ 2003ರಲ್ಲಿ ಹಾಕಿದ ಕೇಸಿಗೆ 2014ರಲ್ಲಿ ತೀರ್ಪು ಬಂತು: ಮ್ಯಾನ್‌ಹೋಲಿನಲ್ಲಿ ಸತ್ತವರ ಕುಟುಂಬಕ್ಕೆ 10 ಲಕ್ಷ. 2023ರಲ್ಲಿ ಸುಪ್ರೀಂ ಕೋರ್ಟ್ ಅದನ್ನು 30 ಲಕ್ಷ ಮಾಡಿತು. ಬೆಂಗಳೂರಿನ ಅಪಾರ್ಟ್‌ಮೆಂಟುಗಳ ಎಸ್‌ಟಿಪಿ (ಕೊಳಚೆ ನೀರು ಶುದ್ಧೀಕರಣ ಘಟಕ) ಗುಂಡಿಗೆ ಇಳಿದು ಉಸಿರುಕಟ್ಟಿ ಸತ್ತವನ ಹೆಂಡತಿ ಆ 30 ಲಕ್ಷಕ್ಕೆ ಕಂಟ್ರಾಕ್ಟರ್, ಅಸೋಸಿಯೇಷನ್, ಪಾಲಿಕೆ ಅಂತ ಅಲೆಯುವಾಗ "ಕೊಡು" ಅನ್ನೋ ಅಧಿಕಾರ ಆಯೋಗಕ್ಕೆ ಇರುವುದಿಲ್ಲ.

ಈಗ ನನ್ನ ಮುಖ್ಯ ಮಾತಿಗೆ ಬರುತ್ತೇನೆ. ಅಧಿಕಾರ ಇರುವ ಆಯೋಗ ಕಟ್ಟುವುದು ನಿಮಗೆ ಗೊತ್ತಿಲ್ಲ ಅಂತಲ್ಲ. ಮಾಡಿ ತೋರಿಸಿದ್ದೀರಿ. ಮಿಕ್ಸಿ ಕೆಟ್ಟು ಅಂಗಡಿಯವನು ಬದಲಾಯಿಸಿಕೊಡದಿದ್ದರೆ ಜಿಲ್ಲೆಯಲ್ಲೇ ಗ್ರಾಹಕರ ಆಯೋಗ ಇದೆ. ವಕೀಲರಿಲ್ಲದೆ ನಾವೇ ಹೋಗಿ ಅರ್ಜಿ ಕೊಡಬಹುದು, ಕೂತಲ್ಲಿಂದ ಆನ್‌ಲೈನ್‌ನಲ್ಲೂ ಕೊಡಬಹುದು. ಅದು ಹಣ ವಾಪಸ್ ಕೊಡಿಸುತ್ತದೆ, ಮಾನಸಿಕ ಹಿಂಸೆಗೆ ಪರಿಹಾರ ಕೊಡಿಸುತ್ತದೆ. ಆದೇಶ ಪಾಲಿಸದಿದ್ದರೆ 2019ರ ಕಾಯ್ದೆಯ ಪ್ರಕಾರ ಮೂರು ವರ್ಷದವರೆಗೆ ಜೈಲು. ಮಾಹಿತಿ ಹಕ್ಕಿನಲ್ಲಿ ಅಧಿಕಾರಿ ಉತ್ತರ ತಡ ಮಾಡಿದರೆ ದಿನಕ್ಕೆ 250 ರೂಪಾಯಿಯಂತೆ 25 ಸಾವಿರದವರೆಗೆ ದಂಡ, ಅದೂ ಅವನ ಜೇಬಿನಿಂದ. ಈ ಕಾನೂನುಗಳೂ ಜಾರಿಯಲ್ಲಿ ಕುಂಟುತ್ತಿವೆ, ಒಪ್ಪುತ್ತೇನೆ. ಆದರೆ ಅಧಿಕಾರವನ್ನಾದರೂ ಕೊಟ್ಟಿದ್ದೀರಿ. ಕೆಟ್ಟ ಮಿಕ್ಸಿಗೆ ಆದೇಶ ಕೊಡುವ ಆಯೋಗ, ಜಾತಿ ಕೇಳಿ ಮನೆ ತಪ್ಪಿಸಿದ್ದಕ್ಕೆ ಶಿಫಾರಸು ಮಾಡುವ ಆಯೋಗ. ಯಾಕೆ ಹೀಗೆ?

"ಅಧಿಕಾರ ಕೊಟ್ಟರೆ ದುರುಪಯೋಗ ಆಗುತ್ತದೆ" ಅನ್ನುವ ಉತ್ತರ ನನಗೆ ಮೊದಲೇ ಕೇಳಿಸುತ್ತಿದೆ. ಆಗಬಹುದು. ಗ್ರಾಹಕರ ಆಯೋಗಕ್ಕೂ ಸುಳ್ಳು ದೂರು ಬರುತ್ತವೆ, ಮೇಲ್ಮನವಿಯಲ್ಲಿ ಬಿದ್ದುಹೋಗುತ್ತವೆ, ಅದಕ್ಕಾಗಿ ಯಾರೂ ಆ ಆಯೋಗದ ಅಧಿಕಾರ ಕಿತ್ತುಕೊಳ್ಳಿ ಅಂದಿಲ್ಲ. ಬ್ರಿಟನ್ನಿನಲ್ಲೂ ಶುರುವಿಗೆ ಇದ್ದದ್ದು ನಮ್ಮ ಹಾಗೆ ಅಧಿಕಾರವಿಲ್ಲದ ಮಂಡಳಿಯೇ. ಕರಿಯರಿಗೆ ಬಾಡಿಗೆಗಿಲ್ಲ ಅಂತ ಕಿಟಕಿಗೆ ಬೋರ್ಡ್ ಹಾಕುತ್ತಿದ್ದ ಕಾಲದಲ್ಲಿ 1965ರಲ್ಲಿ ತಂದ ಮೊದಲ ಕಾಯ್ದೆ ಹೋಟೆಲು, ಬಸ್ಸಿನಂಥ ಸಾರ್ವಜನಿಕ ಜಾಗಕ್ಕೆ ಮಾತ್ರ ಇತ್ತು, ಅದರ ಮಂಡಳಿ ರಾಜಿ ಮಾಡಿಸುವುದರಲ್ಲೇ ಇತ್ತು. ಸಾಲದು ಅಂತ ಗೊತ್ತಾಗಿ 1968ರಲ್ಲಿ ಮನೆ ಮತ್ತು ನೌಕರಿಯನ್ನು ಸೇರಿಸಿದರು. ಅದೂ ಸಾಲದು ಅಂತ 1976ರಲ್ಲಿ ತಾನೇ ತನಿಖೆ ನಡೆಸಿ ನೋಟಿಸ್ ಕೊಡಬಲ್ಲ ಆಯೋಗ ಕಟ್ಟಿದರು, ನೊಂದವರು ನೇರ ಕೋರ್ಟಿಗೆ ಹೋಗುವ ಹಾಗೆ ಮಾಡಿದರು. ಹನ್ನೊಂದು ವರ್ಷದಲ್ಲಿ ಮೂರು ಕಾಯ್ದೆ. ಅಲ್ಲಿ ಜನಾಂಗದ್ವೇಷ ಹೋಯಿತು ಅಂತ ನಾನು ಹೇಳುತ್ತಿಲ್ಲ, ಆದರೆ ಮನೆ ಸಿಗದವನಿಗೆ ಹೋಗಲು ಒಂದು ಜಾಗ ಆಯಿತು.

ನಮ್ಮಲ್ಲೂ ಕರಡು ಸಿದ್ಧ ಇದೆ, ಹೊಸದಾಗಿ ಯೋಚಿಸುವ ಕೆಲಸವೂ ಇಲ್ಲ. 2006ರಲ್ಲಿ ಮುಸ್ಲಿಮರ ಸ್ಥಿತಿಗತಿ ನೋಡಲು ಮಾಡಿದ್ದ ಸಾಚಾರ್ ಸಮಿತಿ ಸಮಾನ ಅವಕಾಶ ಆಯೋಗ ಬೇಕು ಅಂದಿತು. 2008ರಲ್ಲಿ ಎನ್.ಆರ್. ಮಾಧವ ಮೆನನ್ ನೇತೃತ್ವದ ತಜ್ಞರು ಮಸೂದೆಯನ್ನೇ ಬರೆದುಕೊಟ್ಟರು. ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಯನ್ನು ಕಟ್ಟಿದ ಅದೇ ಮೆನನ್. 2014ರ ಫೆಬ್ರುವರಿಯಲ್ಲಿ ಅಂದಿನ ಸಂಪುಟ ಅದನ್ನು ಅಲ್ಪಸಂಖ್ಯಾತರಿಗೆ ಮಾತ್ರ ಅಂತ ಕತ್ತರಿಸಿ ಒಪ್ಪಿತು, ಚುನಾವಣೆ ಬಂತು, ಅಲ್ಲಿಗೆ ಮುಗಿಯಿತು. ಆಮೇಲೆ ಶಶಿ ತರೂರ್ ಅವರ ಖಾಸಗಿ ಮಸೂದೆ (ಮಂತ್ರಿಯಲ್ಲದ ಸಂಸದರು ತಾವೇ ತರುವ ಮಸೂದೆ) ಬಂತು, ಅದೂ ಹೋಯಿತು. ಒಂದು ಸರ್ಕಾರ ಅರೆಮನಸ್ಸಿನಿಂದ ಮಾಡಿತು, ಇನ್ನೊಂದು ಮುಟ್ಟಲೇ ಇಲ್ಲ. ಇಬ್ಬರೂ ಇಲ್ಲಿ ಸಮಾನರು.

ನಾನು ಕೇಳುವುದು ಇಷ್ಟು. ಆಯೋಗ ಶಿಫಾರಸು ಮಾಡಿದರೆ ಸರ್ಕಾರ 90 ದಿನದಲ್ಲಿ ಒಪ್ಪಬೇಕು ಅಥವಾ ಕಾರಣ ಬರೆದು ಕೊಡಬೇಕು, ಎರಡೂ ಮಾಡದಿದ್ದರೆ ಅದೇ ಆದೇಶವಾಗಬೇಕು. ಅಧ್ಯಕ್ಷರ, ಸದಸ್ಯರ ಅವಧಿ ಮುಗಿಯುವ ಮೂರು ತಿಂಗಳು ಮುಂಚೆ ಹೊಸ ಹೆಸರು ಅಂತಿಮವಾಗಬೇಕು. ಸಫಾಯಿ ಕರ್ಮಚಾರಿಗಳ ಆಯೋಗಕ್ಕೆ ಕಾಯ್ದೆ ಕೊಡಿ. ಪಂಗಡಗಳ ಆಯೋಗಕ್ಕೆ ದಕ್ಷಿಣದಲ್ಲಿ ಒಂದು ಕಚೇರಿ ಕೊಡಿ, ಮೈಸೂರಿನಲ್ಲಾದರೆ ಇನ್ನೂ ಒಳ್ಳೆಯದು, ಸೋಲಿಗರಿಗೂ ಜೇನುಕುರುಬರಿಗೂ ಬಸ್ಸಿನ ದೂರ. ಮಾನವ ಹಕ್ಕುಗಳ ಆಯೋಗದಲ್ಲಿ ಘಟನೆ ನಡೆದು ಒಂದು ವರ್ಷ ದಾಟಿದರೆ ವಿಚಾರಣೆ ಇಲ್ಲ ಅನ್ನುವ ನಿಯಮ ಸಡಿಲ ಮಾಡಿ, ಊರಿನಿಂದ ಬಹಿಷ್ಕಾರ ಹಾಕಿಸಿಕೊಂಡವನು ಮೊದಲ ವರ್ಷ ಹೊಟ್ಟೆಪಾಡು ನೋಡುತ್ತಾನೆ, ಅರ್ಜಿ ಬರೆಯುವುದು ಆಮೇಲೆ. ಎಲ್ಲಕ್ಕಿಂತ ದೊಡ್ಡದು, ಬಾಡಿಗೆ ಮನೆ, ಖಾಸಗಿ ನೌಕರಿ, ಕಟಿಂಗ್ ಶಾಪು, ಖಾಸಗಿ ಕಾಲೇಜು ಎಲ್ಲಕ್ಕೂ ಅನ್ವಯಿಸುವ ಒಂದು ಸಮಾನತೆ ಕಾಯ್ದೆ, ಅದಕ್ಕೆ ಗ್ರಾಹಕರ ಆಯೋಗದ ಹಾಗೆ ಜಿಲ್ಲೆಗೊಂದು ಪೀಠ. ದೂರು ಕೊಡುವವನು ಯಾವ ಪಟ್ಟಿಯಲ್ಲಿದ್ದಾನೆ ಅಂತ ಅಲ್ಲಿ ಕೇಳಬಾರದು, ಏನಾಯಿತು ಅಂತ ಕೇಳಬೇಕು.

"ಸರ್ಕಾರ ತರದ ಮಸೂದೆ ನಾವೊಬ್ಬರು ತಂದರೆ ಆಗುತ್ತಾ?" ಅನ್ನಬಹುದು. ಖಾಸಗಿ ಮಸೂದೆ ಎರಡೂ ಸದನ ದಾಟಿ ಕಾಯ್ದೆಯಾದದ್ದು 1970ರಲ್ಲೇ ಕೊನೆ, ಗೊತ್ತು. ಆದರೆ ತಮಿಳುನಾಡಿನ ತಿರುಚ್ಚಿ ಶಿವ ಅವರ ಲಿಂಗತ್ವ ಅಲ್ಪಸಂಖ್ಯಾತರ ಮಸೂದೆ 2015ರಲ್ಲಿ ರಾಜ್ಯಸಭೆ ದಾಟಿತಲ್ಲ, ಆಮೇಲೆ ಸರ್ಕಾರ ತನ್ನದೇ ಮಸೂದೆ ತರಬೇಕಾಯಿತಲ್ಲ. ಆ ಕಾಯ್ದೆಯ ಬಗ್ಗೆ ತಕರಾರುಗಳು ಬೇಕಾದಷ್ಟಿವೆ, ಅದು ಬೇರೆ ಮಾತು. ಶುಕ್ರವಾರ ಮಧ್ಯಾಹ್ನ ಖಾಸಗಿ ಮಸೂದೆಗಳ ಹೊತ್ತಿಗೆ ನಿಮ್ಮಲ್ಲಿ ಜಾಸ್ತಿ ಜನ ಬೆಂಗಳೂರು, ಹುಬ್ಬಳ್ಳಿ ವಿಮಾನ ಹಿಡಿದಿರುತ್ತೀರಿ. ಒಂದು ಶುಕ್ರವಾರ ಉಳಿದುಕೊಳ್ಳಿ.

ಮಸೂದೆಗೆ ಹೊತ್ತು ಬೇಕು, ಪ್ರಶ್ನೆಗೆ ಬೇಡ. 15 ದಿನ ಮುಂಚೆ ನೋಟಿಸ್ ಕೊಟ್ಟರೆ ಸಾಕು. ನಾನೇ ಬರೆದುಕೊಡುತ್ತೇನೆ, ನಿಮ್ಮ ಆಪ್ತ ಸಹಾಯಕರಿಗೆ ತೊಂದರೆ ಬೇಡ: ರಾಷ್ಟ್ರೀಯ ಪರಿಶಿಷ್ಟ ಜಾತಿಗಳ ಮತ್ತು ಪಂಗಡಗಳ ಆಯೋಗಗಳು ಕಳೆದ ಐದು ವರ್ಷದಲ್ಲಿ ಕರ್ನಾಟಕದಿಂದ ಎಷ್ಟು ದೂರು ಪಡೆದವು, ಎಷ್ಟರಲ್ಲಿ ಶಿಫಾರಸು ಮಾಡಿದವು, ಎಷ್ಟು ಶಿಫಾರಸು ಜಾರಿಯಾಯಿತು, ಜಾರಿಯಾಗದ್ದು ಯಾಕೆ ಆಗಲಿಲ್ಲ, ಈ ಎರಡು ಆಯೋಗಗಳಲ್ಲಿ ಇವತ್ತಿಗೆ ಎಷ್ಟು ಹುದ್ದೆ ಖಾಲಿ ಇವೆ? ಮುಂದಿನ ಅಧಿವೇಶನದಲ್ಲಿ 40 ಜನರಲ್ಲಿ ಒಬ್ಬರಾದರೂ ಇದನ್ನು ಕೇಳಿ. ಉತ್ತರ ಬಂದ ಮೇಲೆ ಅದನ್ನು ಕನ್ನಡ ಮಾಡಿಸಿ ನಿಮ್ಮ ಕ್ಷೇತ್ರದ ಕಚೇರಿಯ ನೋಟಿಸ್ ಬೋರ್ಡಿಗೆ ಹಾಕಿ, ನಾವು ಬಂದು ಓದುತ್ತೇವೆ.

ಇತಿ,
ಬೆಂಗಳೂರಿನ ಒಬ್ಬ ಮತದಾರ